ಅಣ್ಣನಿಗೊಂದು ಬೈಗುಳ

ಟೈಪಿಂಗ್ ಟೀಚರ್ ಎಂದೇ ಬೀದಿಗೆಲ್ಲ ಗೊತ್ತಿದ್ದ ಆಕೆ ಬೆಳಿಗ್ಗೆಯಿಂದ ಅಣ್ಣನಿಗೆ ಒಂದೇ ಒಂದು ಬೈಗುಳ ಕಳಿಸಲು ಒದ್ದಾಡುತ್ತಿದ್ದರು. ಬೈಗುಳಕ್ಕೇನೂ ಬರವಿರಲಿಲ್ಲ, ನಾಲಿಗೆಯ ತುದಿಯಲ್ಲೇ ಸಾಲುಗಟ್ಟಿ ನಿಂತಿದ್ದವು. ಕಳಿಸುವ ದಾರಿ ಮಾತ್ರ ಹೊಸ ಕಂಪ್ಯೂಟರಿನ ಒಳಗೆಲ್ಲೋ ಅಡಗಿ ಕೂತಿತ್ತು.

ಬಾಯಿಂದಲೇ ಬೈಯಬಹುದಿತ್ತಲ್ಲ ಎಂದರೆ, ಅಣ್ಣನಿಗೆ ಕಿವಿ ಕೇಳಿಸದು. ಗಡಿಯಾರ ರಿಪೇರಿ ಅವನ ಕಸುಬು. ಚೆನ್ನಾಗಿ ನಡೆಯುತ್ತಿದ್ದ ಗಡಿಯಾರವನ್ನೇ, ಟಿಕ್ ಟಿಕ್ ಕೇಳಿಸದೆ, ನಿಂತುಹೋಗಿದೆ ಎಂದು ಬಿಚ್ಚಲು ಹೊರಟ ದಿನ ಅದು ಅವನಿಗೇ ಗೊತ್ತಾಯಿತು. ಅಲ್ಲಿಂದೀಚೆಗೆ ಅಣ್ಣ ತಂಗಿಯರ ಜಗಳವೆಲ್ಲ ಮೆಸೇಜಿನಲ್ಲೇ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಟೀಚರ ಕಣ್ಣೂ ಹೋಯಿತು. ಇವರು ಹೇಳಿದ್ದು ಅವನಿಗೆ ಕೇಳಿಸದು, ಅವನು ಬರೆದದ್ದು ಇವರಿಗೆ ಕಾಣಿಸದು. ನಡುವೆ ಉಳಿದವರು ಯಜಮಾನರು, ಅಂದರೆ ಟೀಚರ ಗಂಡ.

ಯಜಮಾನರು ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ನಿವೃತ್ತಿಯಾಗುವವರೆಗೂ ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತು, ನಲ್ಲಿ ಸೋರುತ್ತದೆ ಎಂದು ಕೂಗಾಡುವ ಗಿರಾಕಿಯ ಮುಂದೆಯೂ ನಗುನಗುತ್ತಾ ತಲೆಯಾಡಿಸಿದವರು. ಟೀಚರ್ ಬೆಂಕಿ ಕಾರುತ್ತಾ ಒಂದು ಹೇಳಿದರೆ ಅವರ ಬೆರಳು ಬೆಣ್ಣೆ ಸವರಿ ಇನ್ನೊಂದು ಬರೆಯುತ್ತಿತ್ತು. "ಅವನ ತಲೆಯೊಳಗಿರೋದು ಬುದ್ಧಿಯೋ ಕೈಕೊಟ್ಟ ಸ್ಪ್ರಿಂಗೋ ಅಂತ ಕೇಳಿ" ಎಂದರೆ ಅಣ್ಣನಿಗೆ ತಲುಪುತ್ತಿದ್ದದ್ದು, ಪರವಾಗಿಲ್ಲ, ಆರೋಗ್ಯ ನೋಡಿಕೊಳ್ಳಿ.

ಇದು ಬಯಲಾದದ್ದು ನಿನ್ನೆ. ಅತ್ತಿಗೆ ಫೋನ್ ಮಾಡಿ, ಅಣ್ಣ ತಂಗಿ ಹುಟ್ಟಿ ಬೆಳೆದ ಕಡಲ ತೀರಕ್ಕೆ ಮನೆಮಂದಿಯೆಲ್ಲ ಹೊರಟಿದ್ದೇವೆ, ನೀವೂ ಬಂದಿದ್ದರೆ ಚೆನ್ನಾಗಿತ್ತು, ಏನು ಮಾಡುವುದು, ನೀವೇ ಬೇಡ ಎಂದಿರಲ್ಲ ಎಂದು ಮರುಗಿದಳು. ಟೀಚರಿಗೆ ತಲೆಬುಡ ತಿಳಿಯಲಿಲ್ಲ. ಕೆದಕಿದಾಗ ಹೊರಬಿತ್ತು. ವಾರದ ಹಿಂದೆಯೇ ಅಣ್ಣ ಕರೆದಿದ್ದ. ಗದ್ದಲದಲ್ಲಿ ಇವಳಿಗೇಕೆ ತೊಂದರೆ ಎಂದು ಯಜಮಾನರೇ ಟೀಚರ ಹೆಸರಿನಲ್ಲಿ ಪರವಾಗಿಲ್ಲ, ನೀವೆಲ್ಲ ಹೋಗಿ ಬನ್ನಿ ಎಂದು ಉತ್ತರ ಕೊಟ್ಟಿದ್ದರು. ನೀವು ಎಷ್ಟು ಮೆತ್ತಗಾಗಿಬಿಟ್ಟಿರಿ ಎಂದು ಅತ್ತಿಗೆ ಬೇರೆ ಮೆಚ್ಚಿಕೊಂಡಳು. ಅಷ್ಟನ್ನೂ ನಂಬಿ ಕೂತ ಅಣ್ಣನನ್ನು ನೆನೆದು ಟೀಚರ ಮೈಯೆಲ್ಲ ಉರಿದುಹೋಯಿತು.

ವ್ಯಾನಿನವನಿಗೆ ಎಷ್ಟು ಜನ ಎಂದು ನಾಳೆ ಸಂಜೆಯೊಳಗೆ ತಿಳಿಸಬೇಕು, ನೀವೂ ಬರುತ್ತೀರೆಂದು ನಾನೇ ನಿಮ್ಮಣ್ಣನಿಗೆ ಹೇಳಲೇ ಎಂದು ಅತ್ತಿಗೆ ಕೇಳಿದಳು. ಟೀಚರ್ ಬೇಡವೆಂದರು. ಅತ್ತಿಗೆಯೂ ಯಜಮಾನರ ಪಂಗಡವೇ, ಗಂಡನಿಗೆ ಚೀಟಿಯಲ್ಲಿ ಬರೆದು ತೋರಿಸುವಾಗ ಹತ್ತು ಮಾತಿನಲ್ಲಿ ಒಂಬತ್ತನ್ನು ನುಂಗುವವಳು. ಈ ಸಲ ತಮ್ಮ ಮಾತು ತಮ್ಮ ಕೈಯಿಂದಲೇ ಹೋಗಬೇಕು ಎಂದು ಟೀಚರ್ ಹಟ ತೊಟ್ಟರು.

ಫೋನಿನ ನುಣುಪು ಗಾಜು ಅವರ ಬೆರಳಿಗೆ ಏನನ್ನೂ ಹೇಳುತ್ತಿರಲಿಲ್ಲ. ಕೀಲಿಗಳಾದರೆ ಹಳೆಯ ನೆಂಟರು. ಎಷ್ಟೋ ವರ್ಷ ಕೀಲಿಗಳ ಮೇಲೆ ಬಟ್ಟೆ ಮುಚ್ಚಿ, ಬೆರಳಿಗೆ ಕಣ್ಣು ಬೇಕಿಲ್ಲ ಎಂದು ಮಕ್ಕಳಿಗೆ ಗದರಿಸಿ ಕಲಿಸಿದವರು ಅವರು. ಅದಕ್ಕೇ ಕಳೆದ ತಿಂಗಳು ಈ ಕಂಪ್ಯೂಟರ್ ಬಂದಿತ್ತು. ಅದರೊಳಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಒಂದು ದನಿ. ಟೀಚರ್ ಅದಕ್ಕೆ ಮಾತಿನ ಮಲ್ಲಿ ಎಂದು ಹೆಸರಿಟ್ಟಿದ್ದರು. ಬೇಕಾದ್ದನ್ನು ಬಿಟ್ಟು ಬೇರೆಲ್ಲವನ್ನೂ ಅದು ಹೇಳುತ್ತಿತ್ತು. ಲಿಂಕ್. ಲಿಂಕ್. ಪಟ್ಟಿ ಮುಗಿಯಿತು. ಗುಂಡಿ. ಹೆಸರಿಲ್ಲದ ಗುಂಡಿ. ಹೆಸರಿಲ್ಲದ ಗುಂಡಿಯನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಮಲ್ಲಿಯ ಬಾಯಿಗೆ ಬೀಗ.

ಕಲಿಸಲು ಬಂದಿದ್ದವಳೂ ಕಣ್ಣಿಲ್ಲದವಳೇ, ಬಲು ಚುರುಕು. ಎರಡು ಸಲ ಬಂದು ಹೋಗಿದ್ದಳು. ಇದರಲ್ಲಿ ಓಡಾಡುವ ಸ್ಥಿತಿ, ಬರೆಯುವ ಸ್ಥಿತಿ ಎಂದು ಎರಡಿವೆ, ಬರೆಯುವ ಮುಂಚೆ ಯಾವುದರಲ್ಲಿದ್ದೀರಿ ಎಂದು ನೋಡಿಕೊಳ್ಳಿ ಎಂದು ಹೇಳಿಕೊಟ್ಟಿದ್ದಳು. ಕಣ್ಣಿರುವವರು ಹಿಂದೆ ನಿಂತು ಇಣುಕಿ ಕಾಟ ಕೊಟ್ಟರೆ ಪರದೆಯನ್ನೇ ಕಪ್ಪು ಮಾಡಿಬಿಡಿ ಎಂದು ಅದರ ಕೀಲಿಯನ್ನೂ ತೋರಿಸಿ ನಕ್ಕಿದ್ದಳು.

ಕಾಟವಂತೂ ಇತ್ತು. ಟೀಚರ್ ತಡವರಿಸಿದರೆ ಸಾಕು, ಯಜಮಾನರ ಕೈ ಹೆಗಲ ಮೇಲಿಂದ ಬಂದು ಮೌಸ್ ಹಿಡಿಯುತ್ತಿತ್ತು. ಇಲ್ಲೇ ಇದೆ ನೋಡು, ನೀಲಿ ಬಣ್ಣದ್ದು, ಬಲಗಡೆ ಮೇಲೆ ಎನ್ನುತ್ತಿದ್ದರು. ಅವರು ಒಂದು ಸಲ ಒತ್ತಿದರೆ ಟೀಚರ್ ಟ್ಯಾಬ್ ಕೀಲಿಯಲ್ಲಿ ಒಂದೊಂದೇ ಹೆಜ್ಜೆಯಿಟ್ಟು ತಲುಪಿದ್ದ ಜಾಗ ಎತ್ತಲೋ ಹಾರಿಹೋಗಿ, ಮತ್ತೆ ಮೊದಲಿಂದ ಹೊರಡಬೇಕಾಗುತ್ತಿತ್ತು.

ಇವತ್ತು ಬೆಳಿಗ್ಗೆ ಅವರನ್ನು ತರಕಾರಿಗೆ ಅಟ್ಟಿ, ಟೀಚರ್ ಕೂತು ಅಣ್ಣನ ಹೆಸರನ್ನು ಹುಡುಕಿ, ಉಸಿರು ಬಿಗಿಹಿಡಿದು ಕುಟ್ಟತೊಡಗಿದರು. ಎರಡು ವರ್ಷದ ಸಿಟ್ಟು ಬೆರಳಿನಲ್ಲಿತ್ತು. ಮಲ್ಲಿ ಏನೋ ಒದರುತ್ತಲೇ ಇತ್ತು, ಇವರು ಕಿವಿಗೊಡಲಿಲ್ಲ. ಮುಗಿಸಿ ಓದಿಸಿದರೆ ಒಂದಕ್ಷರವೂ ಇಲ್ಲ. ಬರೆದದ್ದೆಲ್ಲ ಓಡಾಡುವ ಸ್ಥಿತಿಯಲ್ಲಿ. ಅಲ್ಲಿ ಒತ್ತಿದ ಅಕ್ಷರ ಅಕ್ಷರವಲ್ಲ, ಎಲ್ಲಿಗೋ ನೆಗೆಯಲು ಕೊಟ್ಟ ಅಪ್ಪಣೆ. ಕಂಪ್ಯೂಟರಿನ ಮೂಲೆಮೂಲೆಗೂ ಹೋಗಿ ಬಂದು ಈಗ ಯಾವುದೋ ಹವಾಮಾನದ ಸುದ್ದಿಯ ಮೇಲೆ ನಿಂತಿದ್ದರು. ಟೀಚರಿಗೆ ಅಳುವೇ ಬಂತು. ಮಕ್ಕಳ ಬೆರಳಿನ ಮೇಲೆ ಸ್ಕೇಲಿನಿಂದ ಹೊಡೆದದ್ದೆಲ್ಲ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನ ಯಜಮಾನರು ಮಲಗಿದಾಗ ಮತ್ತೆ ಕೂತರು. ಈ ಸಲ ಪರದೆ ಕಪ್ಪು ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಬರೆಯುವ ಸ್ಥಿತಿ ಎಂದು ಮಲ್ಲಿಯ ಬಾಯಿಂದಲೇ ಹೇಳಿಸಿಕೊಂಡು ಶುರುಮಾಡಿದರು. ಸಾಲಿನ ಮೇಲೆ ಸಾಲು ಬಂತು. ಅಣ್ಣ ಚಿಕ್ಕಂದಿನಲ್ಲಿ ಇವರನ್ನು ಅಲೆಗಳ ನಡುವೆ ಬಿಟ್ಟು ದಡಕ್ಕೆ ಓಡಿಬಂದದ್ದರಿಂದ ಹಿಡಿದು ಇವತ್ತಿನವರೆಗೆ ಒಂದನ್ನೂ ಬಿಡಲಿಲ್ಲ. ಬಹಳ ದಿನದ ಮೇಲೆ ಟೀಚರಿಗೆ ಮೈ ಹಗುರವೆನಿಸಿತ್ತು. ಇನ್ನೊಂದು ಸಾಲು ಬರೆದರೆ ಆಯಿತು.

ಆಗ ಮಲ್ಲಿ ಮಾತಿನ ನಡುವೆಯೇ ಗಪ್‌ಚಿಪ್ಪಾಯಿತು. ಯಾವ ಕೀಲಿ ಒತ್ತಿದರೂ ಸದ್ದಿಲ್ಲ. ಹೆಡ್‌ಫೋನ್ ಕಿತ್ತರೆ ಪಕ್ಕದಲ್ಲೇ ಯಜಮಾನರ ಉಸಿರಾಟ.

"ಆಫ್ ಆಗಿತ್ತು ಕಣೇ. ನೀನು ಪಾಪ, ಸತ್ತ ಮೆಷಿನ್ ಮೇಲೆ ಒಂದೇ ಸಮ ಕುಟ್ತಾ ಕೂತಿದ್ದೆ. ಆನ್ ಮಾಡೋಣ ಅಂತ ಪವರ್ ಗುಂಡಿ ಒತ್ತಿ ಹಿಡಿದೆ" ಎಂದರು ಅವರು. ದನಿಯಲ್ಲಿ ನಿಜವಾದ ಮರುಕವಿತ್ತು.

ಟೀಚರ್ ಕಿರುಚಲಿಲ್ಲ. ಕಿರುಚುವ ಶಕ್ತಿಯೂ ಉಳಿದಿರಲಿಲ್ಲ. ಪರದೆಯನ್ನು ತಾವೇ ಕಪ್ಪು ಮಾಡಿದ್ದು, ಬರೆದದ್ದು, ಅದೆಲ್ಲ ಈಗ ಮಣ್ಣುಪಾಲಾದದ್ದು, ಎಲ್ಲವನ್ನೂ ಹೇಳಿದರು. ಯಜಮಾನರು ತಪ್ಪಾಯಿತು ಎಂದರು. ಏನು ಬರೆಯಬೇಕೋ ಹೇಳು, ಒಂದು ನಿಮಿಷದಲ್ಲಿ ನಾನೇ ಬರೆದು ಕಳಿಸುತ್ತೇನೆ ಎಂದೂ ಅಂದರು.

"ನೀವು ಬರೆಯೋದು ಗೊತ್ತು ನನಗೆ. ಕಣ್ಣು ಹೋಗಿದೆ ಅಷ್ಟೇ ರೀ, ನನ್ನ ಕೋಪಕ್ಕೇನಾಗಿದೆ? ಅದನ್ಯಾಕೆ ಅಡಗಿಸಿಡ್ತೀರಿ?"

"ಅವರ ಮನಸ್ಸು ನೋಯಬಾರದು ಅಂತ. ಈಗ ಇರೋರೇ ನಾಲ್ಕು ಜನ. ಅವರೂ ಬೇಜಾರಾಗಿ ದೂರ ಆದರೆ ನಿನಗೆ ಯಾರಿದ್ದಾರೆ?"

ಟೀಚರ್ ಮತ್ತೆ ಕೀಲಿಗಳ ಕಡೆ ತಿರುಗಿದರು. ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತಿರಿ, ಬಾಯೂ ಹಾಕಬೇಡಿ, ಕೈಯೂ ಹಾಕಬೇಡಿ ಎಂದರು. ಕಂಪ್ಯೂಟರ್ ಮತ್ತೆ ಎಚ್ಚರಗೊಳ್ಳುವವರೆಗೆ ಕಾದರು. ಹೊರಗೆ ಶಾಲೆ ಬಿಟ್ಟ ಮಕ್ಕಳ ಗಲಾಟೆ ಕೇಳಿಸಿತು, ಸಂಜೆಯಾಗುತ್ತಿತ್ತು. ಹೆಡ್‌ಫೋನಿನ ಗೊಡವೆಯೇ ಬೇಡವೆಂದು ಪಕ್ಕಕ್ಕಿಟ್ಟರು. ಲಿಂಕ್, ಲಿಂಕ್, ಗುಂಡಿ. ದಾರಿ ತಪ್ಪಿ ಎಲ್ಲೆಲ್ಲೋ ಹೋಗಿ ಬಂದು, ಕೊನೆಗೆ ಅಣ್ಣನ ಹೆಸರು ಸಿಕ್ಕಾಗ ಮಧ್ಯಾಹ್ನ ಬರೆದದ್ದರಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಸಿಟ್ಟೆಲ್ಲ ಸೋತು ಸುಣ್ಣವಾಗಿತ್ತು. ಉಳಿದಷ್ಟನ್ನು ಬರೆದರು.

"ನಾನು ಬರ್ತೀನಿ. ನನ್ನನ್ನ ಬಿಟ್ಟು ನಮ್ಮ ಕಡಲಿಗೆ ಹೋಗೋಕೆ ನೀನ್ಯಾರು? ಕಿಟಕಿ ಪಕ್ಕದ ಸೀಟು ನನ್ನದು."

ಕಳಿಸಿದ್ದಾಯಿತೋ ಇಲ್ಲವೋ ಎಂದು ಮಲ್ಲಿ ಹೇಳಲಿಲ್ಲ. ಬೀದಿಯ ಗಲಾಟೆಯೂ ತಣ್ಣಗಾಯಿತು. ಇದೂ ಹಾಳಾಯಿತು ಎಂದು ಟೀಚರ್ ಏಳುವುದರಲ್ಲಿದ್ದಾಗ ಟಿಂಗ್ ಎಂದಿತು. ಮಲ್ಲಿ ತನ್ನ ಏರಿಳಿತವಿಲ್ಲದ ದನಿಯಲ್ಲಿ, ಮನೆಗೆಲ್ಲ ಕೇಳಿಸುವಂತೆ ಅಣ್ಣನ ಉತ್ತರವನ್ನು ಓದಿತು.

"ನೀನು ಬೈದು ಎರಡು ವರ್ಷ ಆಯ್ತು. ಎಲ್ಲದಕ್ಕೂ ಪರವಾಗಿಲ್ಲ, ಪರವಾಗಿಲ್ಲ. ಕಣ್ಣು ಹೋದ ಮೇಲೆ ನಮ್ಮ ಸಹವಾಸಾನೇ ಬೇಡ ಅನ್ನಿಸಿದೆ ನಿನಗೆ ಅಂದ್ಕೊಂಡಿದ್ದೆ. ಯಾರ ಹತ್ರಾನೂ ಹೇಳ್ಕೊಂಡಿರಲಿಲ್ಲ. ವ್ಯಾನಿಗೆ ನಿನ್ನನ್ನೂ ಸೇರಿಸಿದ್ದೀನಿ. ಕಿಟಕಿ ಸೀಟು ಮಾತ್ರ ಕೊಡಲ್ಲ. ಅದು ಮೊದಲಿಂದಲೂ ನಂದೇ."

ಟೀಚರ್ ಅದನ್ನು ಮತ್ತೊಮ್ಮೆ ಓದಿಸಿದರು. ಇನ್ನೊಮ್ಮೆ ಓದಿಸಿದರು. ಪಕ್ಕದ ಕುರ್ಚಿಯಲ್ಲಿ ಯಜಮಾನರು ಮೂಗೊರೆಸಿಕೊಂಡದ್ದು ಕೇಳಿಸಿತು. ಅವರಿಗೆ ನಾಲ್ಕು ಮಾತು ಅನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಕಿಟಕಿ ಸೀಟಿನ ವಿಚಾರಕ್ಕೆ ತಕ್ಕ ಉತ್ತರ ಆಗಲೇ ಬೆರಳಿಗೆ ಬಂದಿತ್ತು, ಯಾವ ಸ್ಥಿತಿ ಎಂದು ನೋಡಿಕೊಳ್ಳದೆ ಕುಟ್ಟಿಯೇ ಬಿಟ್ಟರು. ಗುಂಡಿ ಎಂದಿತು ಮಲ್ಲಿ. ಲಿಂಕ್. ಪಟ್ಟಿ ಮುಗಿಯಿತು. ಹೆಸರಿಲ್ಲದ ಗುಂಡಿ.

ಟೀಚರ್ ಕಂಪ್ಯೂಟರಿಗೂ ಅದನ್ನು ಮಾಡಿದವರ ವಂಶಕ್ಕೂ ಶಾಪ ಹಾಕಿ, ಹಲ್ಲು ಕಚ್ಚಿಕೊಂಡು ಮೊದಲ ಲಿಂಕಿನಿಂದ ಮತ್ತೆ ಶುರುಮಾಡಿದರು. ಪಕ್ಕದ ಕುರ್ಚಿ ಒಂದು ಸಲ ಕಿರುಗುಟ್ಟಿತು. ಆದರೆ ಯಜಮಾನರು ಏಳಲಿಲ್ಲ.