ವಾಪಸ್ ಸಾಹೇಬ್ರು

"ಸ್ವಲ್ಪ ಎಡಕ್ಕೆ... ಎಡಕ್ಕೆ ಅಂದ್ನಲ್ಲಪ್ಪ, ಅದು ಬಲ!"

ಖಾಲಿ ಸ್ಟ್ರೆಚರು ಮೆಟ್ಟಿಲ ತಿರುವಿನಲ್ಲಿ ಮತ್ತೆ ಸಿಕ್ಕಿಕೊಂಡಿತು. ಶವದ ವ್ಯಾನಿನವರು ಅದನ್ನು ಓರೆ ಮಾಡಿದರು, ನೆಟ್ಟಗೆ ಮಾಡಿದರು, ಮಗುಚಿಯೂ ನೋಡಿದರು. ಗೋಡೆಯ ಸುಣ್ಣ ಉದುರಿತೇ ಹೊರತು ಸ್ಟ್ರೆಚರು ಮೇಲೆ ಬರಲಿಲ್ಲ. ಮಹಡಿಯ ಬಾಗಿಲಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದ ಭಾವಮೈದುನ ಹಣೆ ಚಚ್ಚಿಕೊಂಡ.

"ಖಾಲೀದೇ ಹತ್ತುತಿಲ್ಲ, ಇನ್ನು ಭಾವನ್ನ ಹೊತ್ಕೊಂಡು ಹೇಗೆ ಇಳಿಯುತ್ತೆ? ಭಾವ ಎದ್ದು ಕೂತಿದ್ರೆ ಇದನ್ನ ಆಗ್ಲೇ ವಾಪಸ್ ಕಳಿಸ್ತಿದ್ರು."

ಒಳಗೆ ಕುಳಿತವರು ಗೊಳ್ಳೆಂದು ನಕ್ಕರು. ಮರುಕ್ಷಣ ನಾಲಿಗೆ ಕಚ್ಚಿಕೊಂಡು ಸತ್ತವರ ಹೆಂಡತಿಯ ಕಡೆ ನೋಡಿದರು. ಆಕೆಯೂ ನಕ್ಕಿದ್ದಳು. ಅತ್ತು ಕರೆಯುವಂಥ ಸಾವೇನೂ ಅಲ್ಲ. ಮೊನ್ನೆ ರಾತ್ರಿ ಊಟ ಮಾಡಿ, ಉಪ್ಪು ಕಮ್ಮಿ ಎಂದು ಹೇಳಿ, ಮಲಗಿದವರು ಏಳಲಿಲ್ಲ, ಅಷ್ಟೇ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಅಯ್ಯೋ ಅನ್ನಿಸಿಕೊಳ್ಳಲಿಲ್ಲ. ಆದರೆ ಬೆಳಗಿನಿಂದ ಆಕೆಯ ಕಣ್ಣು ಕಿಟಕಿ ಬಿಟ್ಟು ಕದಲಿರಲಿಲ್ಲ.

"ಏನಮ್ಮ, ಗೇಟಿನ ಕಡೆನೇ ನೋಡ್ತಿದೀಯ? ಯಾರು ಬರಬೇಕಿತ್ತು?" ಎಂದು ಮಗಳು ಕೇಳಿದಳು.

"ಯಾರೂ ಬರಬೇಕಾಗಿಲ್ಲ. ಒಬ್ಬ ಬರದೆ ಇದ್ರೆ ಸಾಕು."

* * *

ಸತ್ತವರು ಸರ್ಕಾರದ ಗುಣಮಟ್ಟ ಇಲಾಖೆಯಲ್ಲಿ ಪರೀಕ್ಷಕರಾಗಿದ್ದರು. ಕುರ್ಚಿ, ಸ್ಟೂಲು, ಏಣಿ ಅವರ ಪಾಲಿಗೆ ಬಂದಿದ್ದವು. ಇಲಾಖೆಯ ಮುದ್ರೆ ಬೀಳದ ಸಾಮಾನು ಹಡಗು ಹತ್ತುವಂತಿರಲಿಲ್ಲ. ಯಂತ್ರವು ಏಣಿಯ ಮೇಲೆ ಭಾರ ಹೇರಿ ಪಾಸು ಎಂದರೂ ಇವರಿಗೆ ಸಮಾಧಾನವಿಲ್ಲ. ತಾವೇ ಮೂರನೆಯ ಮೆಟ್ಟಿಲಿಗೆ ಹತ್ತಿ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಮೆಲ್ಲಗೆ ತೂಗಿ ಕೇಳಿಸಿಕೊಳ್ಳುತ್ತಿದ್ದರು. ಕಿರ್ರೆಂದರೆ ಇಳಿದು, "ವಾಪಸ್" ಎನ್ನುತ್ತಿದ್ದರು. ಹಾಗಾಗಿ ಊರಿಗೆಲ್ಲ ವಾಪಸ್ ಸಾಹೇಬ್ರು.

ಹೀಗೆ ಸಾಲಾಗಿ ವಾಪಸಾದದ್ದು ಒಬ್ಬ ಏಣಿ ಮಾಡುವವನ ಏಣಿಗಳು. ತಗಡಿನ ಶೆಡ್ಡು, ಸಾಲದ ಮರ, ಹೊರದೇಶದಿಂದ ಬಂದಿದ್ದ ಒಂದೇ ಒಂದು ಆರ್ಡರು. ಆ ಆರ್ಡರು ಕೈತಪ್ಪಿದ ಸಂಜೆ ಅವನು ನೇರ ಇವರ ಮನೆಯ ಗೇಟಿಗೇ ಬಂದ.

"ನಿಮ್ಮ ಹೆಣದ ಮುಂದೆ ನಿಂತು ಹೇಳ್ತೀನಿ, ನನ್ನ ಏಣಿ ಗಟ್ಟಿ ಅಂತ!" ಎಂದು ಬೀದಿಯೆಲ್ಲ ಬಾಗಿಲು ತೆರೆಯುವಂತೆ ಕೂಗಿದ. "ಊರೆಲ್ಲ ಕೇಳೋ ಹಾಗೆ ಹೇಳ್ತೀನಿ! ಆವತ್ತು ಹೇಗೆ ವಾಪಸ್ ಅಂತೀರೋ ನೋಡ್ತೀನಿ!"

ಹೆಂಡತಿ ಓಡಿ ಬಾಗಿಲಿಗೆ ಅಗಳಿ ಹಾಕಿದ್ದಳು. ಗಂಡ ಮಾತ್ರ ಕಿಟಕಿಯಿಂದ ಪೂರ್ತಿ ಕೇಳಿಸಿಕೊಂಡು, "ಗಂಟಲು ಗಟ್ಟಿ ಇದೆ. ಏಣಿ ಇಲ್ಲ" ಎಂದು ಕಿಟಕಿ ಮುಚ್ಚಿದ್ದರು.

ಆಮೇಲೆ ಏನಾಯಿತೆಂದು ಆಕೆಗೆ ಗೊತ್ತಿಲ್ಲ. ಚಪ್ಪಲಿಯ ಜೊತೆ ಆಫೀಸಿನ ಮಾತನ್ನೂ ಬಾಗಿಲಾಚೆ ಬಿಟ್ಟು ಬರುವ ಮನುಷ್ಯ. ಕೊನೆಯ ಕೆಲವು ವರ್ಷ ಪ್ಯಾಂಟಿನ ಮಡಿಕೆಯಲ್ಲಿ ಮರದ ಹೊಟ್ಟು ತುಂಬಿಕೊಂಡು ಬರುತ್ತಿದ್ದರು. ಎಲ್ಲಿಗೆ ಹೋಗಿದ್ರಿ ಎಂದರೆ "ಕೆಲಸಕ್ಕೆ" ಎನ್ನುವರು. ಕಲ್ಲಿನಿಂದ ನೀರು ಹಿಂಡಬಹುದು, ಅವರಿಂದ ಮಾತು ಹಿಂಡುವುದು ಆಗದ ಕೆಲಸ.

* * *

ಸ್ಟ್ರೆಚರನ್ನು ದಾಟಿಕೊಂಡು ಇಲಾಖೆಯ ಕಿರಿಯ ಪರೀಕ್ಷಕಿ ಮೇಲೆ ಬಂದಳು. ಸಾಹೇಬರ ಕೈಕೆಳಗೆ ಕೆಲಸ ಕಲಿತ ಹುಡುಗಿ. ಹೆಂಡತಿಯ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. ಭಾವಮೈದುನನಿಗೆ ಸುಮ್ಮನಿರಲಾಗಲಿಲ್ಲ.

"ನಿಮ್ಮ ಇಲಾಖೆಯವರು ದೇಶಾನೇ ಮೇಲೆತ್ತೋ ಯೋಜನೆ ಹಾಕಿದ್ರಂತಲ್ಲಮ್ಮ. ನಮಗಿಲ್ಲಿ ಒಂದು ಸ್ಟ್ರೆಚರ್ ಮೇಲೆತ್ತೋಕೆ ಆಗ್ತಿಲ್ಲ."

"ಆ ಯೋಜನೆ ಕೇಳಿ ನಾವೆಲ್ಲ ಚಪ್ಪಾಳೆ ಹೊಡೆದ್ವಿ ಸರ್. ಪ್ರಶ್ನೆ ಕೇಳಿದ್ದು ಸಾಹೇಬ್ರು ಒಬ್ಬರೇ" ಎಂದಳು ಹುಡುಗಿ.

* * *

ಆ ದಿನ ಇಲಾಖೆಯ ಸಭಾಂಗಣ ಕಿಕ್ಕಿರಿದಿತ್ತು. ಹೊಸದಾಗಿ ಬಂದ ನಿರ್ದೇಶಕಿ ಮೈಕು ಸರಿಪಡಿಸಿಕೊಂಡರು.

"ದೊಡ್ಡ ಕಾರ್ಖಾನೆಗಳಿಗೆ ನಮ್ಮ ಸಹಾಯದ ಹಂಗಿಲ್ಲ. ಈ ದೇಶದ ಆರ್ಥಿಕತೆ ಬೆಳೀಬೇಕಾದ್ರೆ ಸಣ್ಣ ಶೆಡ್ಡುಗಳ ಮಾಲು ಹಡಗು ಹತ್ತಬೇಕು. ಇಷ್ಟು ದಿನ ನಾವು ಮೇಜಿನ ಹಿಂದೆ ಕೂತು ವಾಪಸ್ ಕಳಿಸಿದ್ವಿ. ಇನ್ಮೇಲೆ ನಾವೇ ಅವರ ಬಾಗಿಲಿಗೆ ಹೋಗ್ತೀವಿ. ಎಲ್ಲಿ ತಪ್ಪುತ್ತೆ ಅಂತ ತೋರಿಸಿಕೊಡ್ತೀವಿ. ನಮ್ಮ ಪ್ರಯೋಗಾಲಯ, ನಮ್ಮ ಮರ ಒಣಗಿಸೋ ಗೂಡು ಅವರಿಗೂ ತೆರೆದಿರುತ್ತೆ. ಇದು ಇಲಾಖೆಯ ಐದು ವರ್ಷದ ಯೋಜನೆ."

ವಾಪಸ್ ಸಾಹೇಬ್ರು ಎದ್ದು ನಿಂತರು. ಇವರು ಯೋಜನೆಯನ್ನೇ ವಾಪಸ್ ಕಳಿಸುತ್ತಾರೆಂದು ಹಿಂದಿನ ಸಾಲು ಪಿಸುಗುಟ್ಟಿತು.

"ಹೋಗ್ತೀವಿ ಮೇಡಂ. ಹೇಳಿಕೊಟ್ಟ ಮೇಲೂ ಕಿರ್ ಅಂದ್ರೆ?"

"ಅಂದ್ರೆ ವಾಪಸ್ಸೇ."

"ಹಾಗಾದ್ರೆ ಸರಿ" ಎಂದು ಕುಳಿತರು. ಮೊದಲು ಎಲ್ಲಿಗೆ ಹೋಗೋಣ ಎಂದು ಹುಡುಗಿ ಕೇಳಿದಾಗ, "ಯಾರು ಜಾಸ್ತಿ ಬೈದಿದಾರೋ ಅಲ್ಲಿಂದ ಶುರು ಮಾಡೋಣ" ಎಂದರು.

* * *

ಗೇಟಿನ ಬಳಿ ಒಂದು ಲೋಡ್ ವ್ಯಾನು ನಿಂತಿತು. ಇಳಿದವನ ಬೆನ್ನು ನೋಡುತ್ತಲೇ ಹೆಂಡತಿಗೆ ಗುರುತು ಸಿಕ್ಕಿತು. ಕೂದಲು ನೆರೆತಿದೆ, ನಡಿಗೆ ಅದೇ. ಆಕೆ ಮಗಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಏಣಿಯವನು ಒಳಗೆ ಬಂದು ಹೆಣದ ಮುಂದೆ ನಿಂತ.

"ಇವತ್ತೊಂದು ದಿನ ಬಿಟ್ಬಿಡಿ ಅಣ್ಣ" ಎಂದಳು ಹೆಂಡತಿ. "ನಿಮ್ಮ ಹೊಟ್ಟೆ ಉರಿದಿದೆ, ನಂಗೊತ್ತು. ಆದ್ರೆ ಇಷ್ಟು ಜನರ ಮುಂದೆ ಬೇಡ."

ಅವನು ಗಾಬರಿಯಾದ. "ಅಯ್ಯೋ ಅಕ್ಕಾವ್ರೇ, ಅವರು ನಿಮಗೆ ಏನೂ ಹೇಳಿಲ್ವಾ?"

"ಅವರು ಯಾವತ್ತು ಏನು ಹೇಳಿದಾರೆ?"

ಅವನು ಗೋಡೆಗೆ ಒರಗಿ ಕುಳಿತುಬಿಟ್ಟ. "ನಮ್ಮ ಶೆಡ್ಡಿಗೆ ಬಂದ್ರು, ಈ ಹುಡುಗೀನ ಕರ್ಕೊಂಡು. ನಾನು ಸಿಟ್ಟಲ್ಲಿ ಉಳಿ ಎತ್ತಿದೆ. ಅದನ್ನ ನನ್ನ ಕೈಯಿಂದ ಇಸ್ಕೊಂಡು, ಹೆಬ್ಬೆರಳಲ್ಲಿ ಸವರಿ ನೋಡಿ, ಮೊಂಡಾಗಿದೆ ಅಂದ್ರು. ಇಂಥವರ ಜೊತೆ ಜಗಳ ಆಡೋದು ಹೇಗೆ? ನನ್ನ ಮರ ಸರಿಯಾಗಿ ಒಣಗಿರಲಿಲ್ಲ, ಅದಕ್ಕೇ ಕಿರ್ ಅಂತಿತ್ತು. ಇಲಾಖೆ ಗೂಡಲ್ಲಿ ಒಣಗಿಸಿಕೊಟ್ರು. ಅಷ್ಟೆಲ್ಲ ಮಾಡಿಯೂ ಇನ್ನೆರಡು ಸಲ ವಾಪಸ್ ಮಾಡಿದ್ರು, ಪುಣ್ಯಾತ್ಮ! ಆಮೇಲೆ ಮುದ್ರೆ ಬಿತ್ತು. ಈಗ ನಮ್ಮ ಬೀದಿಯವರೆಲ್ಲ ನನ್ನ ಶೆಡ್ಡಲ್ಲೇ ಕೆಲಸಕ್ಕಿದಾರೆ. ಕೆಳಗಿರೋ ಗಾಡಿ ಏಣಿ ತುಂಬ್ಕೊಂಡು ಬಂದರಿಗೆ ಹೊರಟಿತ್ತು. ಸುದ್ದಿ ಕೇಳಿ ಈ ಕಡೆ ತಿರುಗಿಸಿದೆ."

ಹೆಂಡತಿಯ ಎದೆಯ ಮೇಲಿದ್ದ ಬಂಡೆ ಜರುಗಿತು. ಸಾವಿನ ಮನೆಯಲ್ಲಿ ಇಷ್ಟು ಹಗುರವಾಗಬಹುದೆಂದು ಆಕೆ ಎಣಿಸಿರಲಿಲ್ಲ. ಎರಡು ದಿನದಲ್ಲಿ ಮೊದಲ ಬಾರಿಗೆ ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡು, "ಹಾಗಾದ್ರೆ ಬೈಯಲ್ವಾ?" ಎಂದಳು.

"ಬೈಯೋದೆಲ್ಲ ಅವರ ಎದುರಿಗೇ ಬೈದಾಯ್ತು. ಆದ್ರೆ ಕೊಟ್ಟ ಮಾತೊಂದಿದೆ." ಅವನು ಎದ್ದು ಮೆಟ್ಟಿಲಿನತ್ತ ಬಗ್ಗಿ ನೋಡಿದ. "ಈ ಸ್ಟ್ರೆಚರ್ ತಂದಿದ್ದು ಯಾರ‍್ರೀ? ಇದು ಆಗಲ್ಲ, ವಾಪಸ್ ಕಳಿಸಿ."

ಸ್ಟ್ರೆಚರು ಕೆಳಗಿಳಿಯಿತು, ಅವನ ವ್ಯಾನಿನಿಂದ ಒಂದು ಏಣಿ ಮೇಲೆ ಬಂತು. ಸಪೂರವಾಗಿದ್ದ ಅದು ತಿರುವಿನಲ್ಲಿ ಎಲ್ಲೂ ತಾಗಲಿಲ್ಲ. ಮೇಲೆ ಕಂಬಳಿ ಹಾಸಿ ಸಾಹೇಬರನ್ನು ಮಲಗಿಸಿದರು. "ಪಾದ ಮೂರನೇ ಮೆಟ್ಟಿಲಿಗೆ ಬರಲಿ" ಎಂದು ಏಣಿಯವನೇ ನಿಂತು ದುಪ್ಪಟಿಗಳಿಂದ ಬಿಗಿಸಿದ. ತಲೆಯ ಕಡೆ ಭಾವಮೈದುನ ಮತ್ತು ಶವದ ವ್ಯಾನಿನವರು ಹಿಡಿದರು. ಕಾಲಿನ ಕಡೆ, ಭಾರವೆಲ್ಲ ಬೀಳುವ ಕಡೆ, ಏಣಿಯವನು ಹೆಗಲು ಕೊಟ್ಟ.

ತಿರುವು ಬಂತು. ಅಲ್ಲಿ ಏಣಿಯನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸದೆ ದಾರಿಯಿರಲಿಲ್ಲ. ಮೆಲ್ಲಗೆ ನಿಲ್ಲಿಸಿದರು. ವಾಪಸ್ ಸಾಹೇಬ್ರು ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ, ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಹಿಡಿದವರ ಕೈಯಲ್ಲಿ ಏಣಿ ಅತ್ತ ತೂಗಿತು, ಇತ್ತ ತೂಗಿತು.

ಮೇಲೆ ಬಾಗಿಲಲ್ಲಿ ಹೆಂಡತಿಯೂ ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಹೋದ ಸೈಕಲ್ಲಿನ ಗಂಟೆ ಕೇಳಿಸಿತು. ಪಕ್ಕದ ಮನೆಯ ನಲ್ಲಿ ಕೇಳಿಸಿತು. ಏಣಿಯಿಂದ ಏನೂ ಕೇಳಿಸಲಿಲ್ಲ.

ಅವಳು ಕಣ್ಣು ಬಿಟ್ಟಾಗ ಏಣಿಯವನು ಕೆಳಗಿನಿಂದ, ಹೆಗಲ ಮೇಲಿನ ಭಾರ ಮರೆತು, ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಹೂಂ ಎಂದು ತಲೆಯಾಡಿಸಿದಳು.