ಅತ್ತೆಯ ಅಂಗೈಯಲ್ಲಿ ಬಿಳಿ ಮರಿ

ಬಟ್ಟೆಗೆ ಬಣ್ಣ ಹಾಕಿ ಬದುಕುವ ಸೊಸೆ ಮೂರು ವರ್ಷದಿಂದ ಸಾಕುಹಲ್ಲಿಗಳ ಜೋಡಿ ಕೂಡಿಸುತ್ತಿದ್ದಳು. ತಂದೆತಾಯಿ ಎರಡೂ ಹಳದಿಯಾದರೂ ರಕ್ತದಲ್ಲಿ ಬಿಳಿ ಅಡಗಿದೆ, ಎಂದಾದರೂ ಬಿಳಿ ಮರಿ ಹುಟ್ಟುತ್ತದೆ ಎಂಬುದು ಅವಳ ನಂಬಿಕೆ. ಅತ್ತೆಗೆ ಹಲ್ಲಿ ಕಂಡರೆ ಮೈಮೇಲೆ ಮುಳ್ಳೇಳುತ್ತಿತ್ತು.

ಸೊಸೆ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಾಗ, ಹಲ್ಲಿ ಇಟ್ಟಿದ್ದ ಎರಡು ಮೊಟ್ಟೆಗಳ ಕಾವು ನೋಡಿಕೊಳ್ಳಲು ಅತ್ತೆ ಮೂಗು ಮುರಿಯುತ್ತಲೇ ಒಪ್ಪಿಕೊಂಡರು.

ಐದನೆಯ ದಿನ ಬೆಳಗ್ಗೆ ಅವರ ಫೋನ್ ಬಂತು.

"ಎರಡೂ ಮೊಟ್ಟೆ ಒಡೆದ್ವು ಕಣೇ. ಒಂದು ಹಳದಿ."

"ಹೋಗ್ಲಿ ಬಿಡಿ ಅತ್ತೆ," ಎಂದು ಸೊಸೆ ನಿಟ್ಟುಸಿರಿಟ್ಟಳು.

"ಪೂರ್ತಿ ಕೇಳೇ! ಇನ್ನೊಂದು ಹಾಲಿನಂಗೆ ಬಿಳಿ. ನನ್ನ ಅಂಗೈ ಮೇಲೇ ಕೂತಿದೆ."

"ಅಯ್ಯೋ, ನಿಮಗೆ ಭಯ ಆಗ್ತಿಲ್ವಾ?"

"ಆಗ್ತಿದೆ. ಪಾಪ, ಇದಕ್ಕೆ ನನಗಿಂತ ಜಾಸ್ತಿ ಆಗ್ತಿದೆ. ನೀನು ಬೇಗ ಬಾ."

ಸೊಸೆ ಹೊಟ್ಟೆಯ ಹೊಲಿಗೆ ನೋಯುವಷ್ಟು ನಕ್ಕಳು.