ನಾಲ್ಕು ಗಂಟೆಯ ನಂತರದ ಟಪಾಲು

ನಮ್ಮ ಪುರಸಭೆ ಕಚೇರಿಯಲ್ಲಿ ನಾಳೆ ಎನ್ನುವುದು ಇವತ್ತು ಸಂಜೆ ನಾಲ್ಕಕ್ಕೇ ಬಂದುಬಿಡುತ್ತಿತ್ತು. ಅದನ್ನು ಕರೆತರುತ್ತಿದ್ದವರು ನಮ್ಮ ಹೆಡ್ ಕ್ಲರ್ಕು. ಗೋಡೆ ಗಡಿಯಾರ ನಾಲ್ಕು ತೋರಿಸಿತೋ ಇಲ್ಲವೋ, ಅವರು ಎದ್ದು ಬಂದು ನನ್ನ ಮೇಜಿನ ಮೇಲಿನ, ಬಂದ ಕಾಗದ ಬರೆಯುವ ಆವಕ ರಿಜಿಸ್ಟರಿಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ಆಮೇಲೆ ದಿನಾಂಕದ ಸೀಲನ್ನು ಎತ್ತಿ, ಅದರ ಪುಟ್ಟ ಚಕ್ರವನ್ನು ಉಗುರಿನಿಂದ ಟಕ್ ಎಂದು ಮುಂದಕ್ಕೆ ತಳ್ಳುತ್ತಿದ್ದರು. ದಿನದ ಟಪಾಲಿನ ಪಟ್ಟಿ ಐದರೊಳಗೆ ಮೇಲಿನ ಮಹಡಿಗೆ ಹೋಗಬೇಕಲ್ಲ, ಅದಕ್ಕೆ. ಐದೂವರೆಗೆ ಬಾಗಿಲು ಹಾಕುವ ತನಕ ಬಂದ ಕಾಗದಗಳೆಲ್ಲ ನಾಳೆಯ ತಾರೀಖು ಹೊತ್ತುಕೊಂಡು ಕೂರುತ್ತಿದ್ದವು. ಹನ್ನೆರಡು ವರ್ಷದಿಂದ ಹೀಗೇ ನಡೆದಿತ್ತು. ಬೆನ್ನ ಹಿಂದೆ ನಾವು ಅವರನ್ನು ನಾಳೆ ಸಾಹೇಬರು ಎನ್ನುತ್ತಿದ್ದೆವು.

ನಾನು ಟಪಾಲು ವಿಭಾಗಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಾಗದ ಇಸಿದುಕೊಳ್ಳುವುದು, ಸೀಲು ಒತ್ತುವುದು, ರಿಜಿಸ್ಟರಿನಲ್ಲಿ ಬರೆಯುವುದು, ತಲುಪಿದ್ದಕ್ಕೆ ಚೀಟಿ ಕೊಡುವುದು. ಕೈಗಳು ಕೆಲಸ ಮಾಡುತ್ತಿದ್ದವು, ನಾನು ಬೇರೆಲ್ಲೋ ಇರುತ್ತಿದ್ದೆ. ಅಜ್ಜಿಯ ಕತೆ ಕೇಳಿಕೊಂಡು ಬೆಳೆದವಳು ನಾನು. ಬಾವಿಯೊಳಗೆ ಮನೆ ಮಾಡಿಕೊಂಡ ರಾಣಿ, ನೆರಳನ್ನು ಅಡವಿಟ್ಟು ಮರೆತುಹೋದ ಮಂತ್ರಿ, ಇವರೆಲ್ಲ ನನ್ನ ಮೇಜಿನ ಸುತ್ತಲೇ ಓಡಾಡಿಕೊಂಡಿದ್ದರು.

ಆ ವರ್ಷ ನಮ್ಮ ಬೀದಿಯ ಹಿಂದಿನ ಓಣಿಯನ್ನು ಅಗಲ ಮಾಡುವ ಪ್ರಕಟಣೆ ಹೊರಟಿತು. ಟೈಪ್ ಮಾಡಿದವಳು ನಾನೇ. ಓಣಿಯ ಎಡಗಡೆ ಮನೆಗಳಿಂದ ಹದಿನಾಲ್ಕು ಅಡಿ ಹೋಗುತ್ತದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು, ಕೊಟ್ಟವರನ್ನು ಸಮಿತಿ ಕರೆದು ಕೇಳುತ್ತದೆ, ಕೊಡದವರು ಒಪ್ಪಿದಂತೆ.

ವಾರ್ಡಿನ ಮೆಂಬರು ಮನೆ ಮನೆಗೆ ಹೋಗಿ, "ಅರ್ಜಿ ಗಿರ್ಜಿ ಏನೂ ಬೇಡ, ನಾನಿದೀನಲ್ಲ" ಎಂದು ಹೇಳಿ ಬಂದರು. ಓಣಿಯೆಲ್ಲ ತಲೆಯಾಡಿಸಿತು. ಬೈಂಡರ್ ಮಾವ ಮಾತ್ರ, "ನೀವಿದೀರಿ ಸ್ವಾಮಿ, ಸರಿ. ನಾನೂ ಇದೀನಲ್ಲ?" ಎಂದನಂತೆ. ಅದು ಊರೆಲ್ಲ ನಕ್ಕ ಮಾತಾಯಿತು.

ಬೈಂಡರ್ ಮಾವ ನಮಗೆ ಸಂಬಂಧಿಯೇನಲ್ಲ. ಪುಸ್ತಕಗಳಿಗೆ ರಟ್ಟು ಹಾಕಿ ಹೊಲಿಯುವವನು, ನಮ್ಮ ಬೀದಿಯ ಮಕ್ಕಳಿಗೆಲ್ಲ ಮಾವ. ಹದಿನಾಲ್ಕು ಅಡಿ ಹೋದರೆ ಅವನ ಮನೆಯ ಮುಂದಿನ ಕೋಣೆ ಪೂರ್ತಿ ಹೋಗುತ್ತಿತ್ತು. ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಕತ್ತರಿಸುವ ಯಂತ್ರ, ಅಂಟಿನ ಡಬ್ಬಿಗಳು ಇರುವುದು ಅಲ್ಲೇ. ಉಳಿಯುವುದು ಮಲಗುವ ಮನೆ, ಅಡುಗೆಮನೆ. ಅಡುಗೆಮನೆಯಲ್ಲಿ ಕೂತು ಯಾರು ಪುಸ್ತಕ ಹೊಲಿಯುತ್ತಾರೆ?

ಮೂವತ್ತನೆಯ ದಿನ ಅವನು ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ.

"ಮಗಳೇ, ಸಮಯಕ್ಕೆ ಸರಿಯಾಗಿ ಬಂದೆ ತಾನೆ? ಓಣಿ ನಕ್ಷೆಯ ನಕಲು ಕೊಡೋನು ಕಾಯಿಸಿ ಕೂರಿಸಿಬಿಟ್ಟ, ಮಹರಾಯ. ಅವನ ಊಟ ಮುಗೀಬೇಕಾದ್ರೆ ನನಗೇ ಹಸಿವಾಗಿತ್ತು."

"ಬಂದ್ರಿ ಬಿಡಿ ಮಾವ, ಕೊಡಿ ಇಲ್ಲಿ."

ಒಂಬತ್ತು ಹಾಳೆಯ ಆಕ್ಷೇಪಣೆ. ಎಲ್ಲರೂ ಗುಂಡುಪಿನ್ನು ಚುಚ್ಚಿ ತಂದರೆ ಅವನು ಬಿಳಿ ದಾರದಲ್ಲಿ ಹೊಲಿದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ ತಂದಿದ್ದ. ನಾನು ಆ ಹೊಲಿಗೆಯನ್ನೇ ನೋಡುತ್ತ, ಇದು ಅರ್ಜಿಯಲ್ಲ, ಯಾವುದೋ ರಾಜನ ಓಲೆ ಎಂದುಕೊಳ್ಳುತ್ತ ಸೀಲು ಒತ್ತಿದೆ. ಚೀಟಿಯ ಮೇಲೂ ಒತ್ತಿ ಕೊಟ್ಟೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ. ಚೀಟಿಯನ್ನು ಮಡಿಸಿ ಜೇಬಿಗಿಟ್ಟು, "ನಿನ್ನ ಕೈ ತಂಪಾಗಿರಲಿ ತಾಯಿ" ಎಂದು ತಿರುಗಿದ.

ಆಗ ನೋಡಿದೆ. ಸೀಲಿನ ಶಾಯಿ ಇನ್ನೂ ಒಣಗಿರಲಿಲ್ಲ, ಅದರಲ್ಲಿ ನಾಳೆಯ ತಾರೀಖಿತ್ತು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಬೇರೆ ಕಾಗದಕ್ಕೆ ಒಂದು ದಿನ ಆಚೀಚೆಯಾದರೆ ಏನೂ ಆಗುತ್ತಿರಲಿಲ್ಲ. ಇದಕ್ಕೆ ಆಗುತ್ತಿತ್ತು.

ಮಾವ ಇನ್ನೂ ಬಾಗಿಲಲ್ಲೇ ಇದ್ದ, ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಕೂಗಿದರೆ ಚಕ್ರ ಹಿಂದಕ್ಕೆ ತಿರುಗಿಸಬೇಕು, ಕೆಂಪು ಗೆರೆಯ ಮೇಲೆ ಬರೆಯಬೇಕು, ಮೇಲೆ ಹೋದ ಪಟ್ಟಿ ವಾಪಸು ತರಿಸಬೇಕು, ಸಾಹೇಬರ ಮುಖ ನೋಡಬೇಕು. ಬೆಳಿಗ್ಗೆ ಹೇಳಿ ಸರಿಮಾಡಿಸಿದರಾಯಿತು ಎಂದುಕೊಂಡೆ. ಚಹಾ ಆರುತ್ತಿತ್ತು, ಕುಡಿದೆ.

ಬೆಳಿಗ್ಗೆ ಹೇಳಲಿಲ್ಲ. ಅದರ ಮರುದಿನ ಸಾಹೇಬರು ರಜೆ. ಅದರ ಮರುದಿನಕ್ಕೆ ಅದು ಹಳೆಯ ವಿಷಯವಾಗಿತ್ತು. ಹೀಗೆ ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಮೇಲಿನಿಂದ ಕಡತ ಇಳಿದು ಬಂತು, ಬೈಂಡರ್ ಮಾವನಿಗೆ ಕಳಿಸಬೇಕಾದ ಪತ್ರದ ಕರಡು ಅದರೊಳಗಿತ್ತು. 'ತಮ್ಮ ಆಕ್ಷೇಪಣೆಯು ಅವಧಿ ಮುಗಿದ ನಂತರ ಸ್ವೀಕೃತವಾಗಿರುವುದರಿಂದ ಪರಿಗಣಿಸಲು ಅವಕಾಶವಿರುವುದಿಲ್ಲ.' ಅದನ್ನು ಟೈಪ್ ಮಾಡಬೇಕಾದವಳೂ ನಾನೇ.

ಕಡತ ಹಿಡಿದುಕೊಂಡು ಸಾಹೇಬರ ಮುಂದೆ ನಿಂತೆ.

"ಸರ್, ಇದು ಕೊನೇ ದಿನಾನೇ ಬಂದಿತ್ತು. ನಾಲ್ಕರ ಮೇಲೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಹಾಗಾದ್ರೆ ಮಾರನೇ ದಿನ ಬಂತು ಅಂತಾನೇ ಲೆಕ್ಕ."

"ಬಾಗಿಲು ಐದೂವರೆ ತನಕ ತೆಗೆದೇ ಇರುತ್ತಲ್ಲ ಸರ್?"

"ಬಾಗಿಲು ಬೇರೆ, ರಿಜಿಸ್ಟರ್ ಬೇರೆ." ದನಿ ತಗ್ಗಿಸಿದರು. "ನೋಡಮ್ಮ, ಇದೊಂದನ್ನ ತಿದ್ದಿದ್ರೆ ಹನ್ನೆರಡು ವರ್ಷದ ಕಾಗದ ಎಲ್ಲಾ ಎದ್ದು ಬಂದು ಇಲ್ಲಿ ಸಾಲು ನಿಲ್ಲುತ್ತೆ. ಉತ್ತರ ಕೊಡೋರು ಯಾರು, ನೀನಾ? ಟೈಪ್ ಮಾಡು ಹೋಗು."

ಮಾಡಿದೆ. ಒಂದೂ ತಪ್ಪಿಲ್ಲದೆ.

ಪತ್ರ ತಲುಪಿದ ಮೇಲೆ ನಾನು ಮಾವನ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ಪ್ರೆಸ್ಸಿನ ಪಕ್ಕ ಮಣೆಯ ಮೇಲೆ ಕೂತು, ಎಡಗೈ ಮುಷ್ಟಿ ಹಿಡಿದು, ಗೆಣ್ಣುಗಳ ಮೇಲೆ ಬೆರಳಿಟ್ಟು ದಿನ ಎಣಿಸುತ್ತಿದ್ದ.

"ಬಾ ಮಗಳೇ. ಎಲ್ಲಿ ತಪ್ಪಿದೆ ಅಂತ ಹುಡುಕ್ತಿದೀನಿ. ಹೋದ ತಿಂಗಳು ಮೂವತ್ತೊಂದಲ್ವಾ, ಅಲ್ಲೇ ಎಡವಿದೀನಿ ಅನ್ಸುತ್ತೆ. ಒಂದೇ ಒಂದು ದಿನ ನೋಡು."

ಒಳಗಿನಿಂದ ಅವನ ಹೆಂಡತಿ, ನಮ್ಮ ಅತ್ತೆಯ ದನಿ ಬಂತು. ನನಗೆ ಹೇಳುವ ನೆಪದಲ್ಲಿ ಅವನಿಗೆ ಹೇಳಿದಳು. "ಕೇಳಮ್ಮ, ಊರವರ ಪುಸ್ತಕಕ್ಕೆಲ್ಲ ಪುಟ ಎಣಿಸಿ ಹೊಲೀತಾರೆ, ಒಂದು ಹಾಳೆ ಹಿಂದೆ ಮುಂದೆ ಆಗಲ್ಲ. ಸ್ವಂತ ಮನೆಗೆ ಮೂವತ್ತು ಎಣಿಸಕ್ಕೆ ಬರಲಿಲ್ಲ! ಮೆಂಬರ ಮುಂದೆ ದೊಡ್ಡ ಕಾನೂನು ಪಂಡಿತರ ಹಾಗೆ ಮಾತಾಡಿದ್ದೇನು, ಈಗ ಓಣೀಲಿ ತಲೆ ಎತ್ತೋ ಹಾಗಿಲ್ಲ."

"ಹೂಂ ಕಣೇ, ನನ್ನದೇ ತಪ್ಪು ಅಂತ ಎಷ್ಟು ಸಲ ಹೇಳ್ಲಿ?"

"ಎಷ್ಟು ಸಲ ಅನ್ನೋದನ್ನೂ ಎಣಿಸಬೇಡಿ, ಅದೂ ತಪ್ಪುತ್ತೆ."

ಮಾವ ನನ್ನ ಕಡೆ ನೋಡಿ ನಗಲು ಪ್ರಯತ್ನಪಟ್ಟ. ಜೇಬಿನಿಂದ ಆ ಚೀಟಿ ತೆಗೆದು ತೋರಿಸಿದ, ಎಷ್ಟು ಸಲ ಬಿಚ್ಚಿ ಮಡಿಸಿದ್ದನೋ, ಮಡಿಕೆಯಲ್ಲಿ ಹರಿದುಹೋಗಿತ್ತು. "ನೀನಾದ್ರೂ ಏನು ಮಾಡ್ತೀಯ, ಬಂದ ದಿನ ಹಾಕಿದೀಯ." ಅತ್ತೆ ನೀರು ತಂದಿಟ್ಟಳು. ನಾನು ಅದನ್ನು ಕುಡಿದು, ಓಣಿಯ ವಿಷಯಕ್ಕೆ ಶುಕ್ರವಾರ ಸೇರುವ ಸಮಿತಿಯ ಸಭೆಗೆ ಹೇಗೂ ಬನ್ನಿ ಮಾವ, ಬೇಡಿಕೊಂಡರೆ ಕೇಳಿಯಾರು ಎಂದು ಹೇಳಿ ಎದ್ದು ಬಂದೆ.

ಗುರುವಾರ ಬೆಳಿಗ್ಗೆ ಅಜ್ಜಿ ನನ್ನ ತಲೆ ಬಾಚುತ್ತ, "ಏನಾಯ್ತೇ ನಿಂಗೆ, ಕೂದಲೆಲ್ಲ ಕೈಗೇ ಬರ್ತಿದೆ" ಎಂದಳು. ನಾನು ಗೋಡೆ ನೋಡಿಕೊಂಡೇ ಹೇಳಿದೆ. "ಅಜ್ಜಿ, ಒಂದು ಕತೆ ಹೇಳ್ಲಾ? ಒಂದೂರಲ್ಲಿ ಒಬ್ಬ ಸೀಲು ಒತ್ತೋ ಹುಡುಗಿ ಇದ್ಲು." ಎಲ್ಲ ಹೇಳಿದೆ, ಹುಡುಗಿ ನೀರು ಕುಡಿದು ಎದ್ದು ಬಂದದ್ದರವರೆಗೆ.

"ಹೂಂ. ಆಮೇಲೆ?"

"ಆಮೇಲೆ ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲದ ಮೇಲೆ ಯಾಕೆ ಶುರು ಮಾಡ್ದೆ?" ಬಾಚಣಿಗೆ ನಿಂತಿತು. "ಅವಳು ಕಲ್ಲಾದ್ಲಾ?"

"ಇಲ್ಲ. ಎಲ್ಲರ ಹಾಗೆ ಇದಾಳೆ. ಸಂಬಳ ಬರುತ್ತೆ."

ಅಜ್ಜಿ ಜಡೆ ಬಿಗಿಯಾಗಿ ಎಳೆದು ಗಂಟು ಹಾಕಿ, "ಇಂಥಾ ಕತೆ ನಾನು ಮಕ್ಕಳಿಗೆ ಹೇಳಲ್ಲಪ್ಪ" ಎಂದು ಎದ್ದು ಹೋದಳು.

ಶುಕ್ರವಾರ ಕಚೇರಿ ತೆರೆಯುವ ಮೊದಲೇ ಹೋಗಿ ಸಮಿತಿಗೆ ಒಂದು ಪುಟ ಬರೆದೆ. ಆಕ್ಷೇಪಣೆ ಬಂದ ದಿನ, ಹೊತ್ತು. ವಿಭಾಗದ ರೂಢಿಯಂತೆ ಸೀಲು ಮುಂದಿನ ದಿನಕ್ಕೆ ತಿರುಗಿತ್ತು. ಸದರಿ ವಿಷಯ ನಂತರ ಗಮನಕ್ಕೆ ಬಂದಿರುತ್ತದೆ. ಸಹಿ ಹಾಕಿ ಮೊದಲು ನಾಳೆ ಸಾಹೇಬರಿಗೇ ತೋರಿಸಿದೆ. ಅವರು ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ಮೇಜಿನ ಕೆಲಸವನ್ನೂ ತಾವೇ ಮಾಡಿದ್ದವರು ಅವರು.

"ನನ್ನ ಹೆಸರು ಬರೆದಿಲ್ಲ."

"ಇಲ್ಲ ಸರ್. ವಿಭಾಗದ ರೂಢಿ ಅಂತ ಬರೆದಿದೀನಿ."

"ವಿಭಾಗ ಅಂದ್ರೆ ನಾನೇ ಅಲ್ವೇನಮ್ಮ" ಎಂದರು. ಕಾಗದವನ್ನು ಹಿಂದಕ್ಕೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ನಿವೃತ್ತಿಗೆ ಅವರಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.

ಮೇಲಿನ ಸಭಾಂಗಣದಲ್ಲಿ ಮೆಂಬರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮಾವ, ಅತ್ತೆ ಕೊನೆಯ ಬೆಂಚಿನಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಸಮಿತಿಯ ಅಧ್ಯಕ್ಷತೆ ನಮ್ಮ ಮುಖ್ಯಾಧಿಕಾರಿಯವರದು, ಹೊಸದಾಗಿ ಬಂದ ಹೆಂಗಸು, ಮಾತು ಕಡಿಮೆ. ನನ್ನ ಕಾಗದ ಓದಿ ನನ್ನನ್ನು ಎದ್ದು ನಿಲ್ಲಲು ಹೇಳಿದರು.

"ನಾಲ್ಕೂ ಇಪ್ಪತ್ತು ಅಂತ ಹೇಗೆ ಹೇಳ್ತೀರಿ?"

"ಚಹಾ ಬಂದಿತ್ತು ಮೇಡಂ. ನಮ್ಮಲ್ಲಿ ಚಹಾ ನಾಲ್ಕೂಕಾಲಿಗೆ ಬರುತ್ತೆ, ಅದೊಂದು ತಡ ಆಗಲ್ಲ."

ಒಂದಿಬ್ಬರು ನಕ್ಕರು. ಅವರು ನಗಲಿಲ್ಲ. "ನಂತರ ಗಮನಕ್ಕೆ ಬಂತು ಅಂತ ಬರೆದಿದೀರಿ. ನಂತರ ಅಂದ್ರೆ ಯಾವಾಗ?"

ಯಾವುದೋ ಒಂದು ದಿನದ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಮೊನ್ನೆ ಎಂದಿದ್ದರೆ ಯಾರೂ ಕೆದಕುತ್ತಿರಲಿಲ್ಲ. ಮಾವನಿಗೂ ನಾನು ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ.

"ಅವತ್ತೇ ಮೇಡಂ. ಶಾಯಿ ಒಣಗೋ ಮೊದಲೇ. ಅವರಿನ್ನೂ ಬಾಗಿಲಲ್ಲಿ ಚಪ್ಪಲಿ ಹಾಕ್ಕೋತಿದ್ರು. ನಾನು ಕರೀಲಿಲ್ಲ."

ಮುಖ್ಯಾಧಿಕಾರಿ ಬರೆದುಕೊಂಡು, ಆದೇಶವನ್ನು ಓದಿ ಹೇಳಿದರು. ಆಕ್ಷೇಪಣೆ ಅವಧಿಯೊಳಗೇ ಬಂದಿದೆ ಎಂದು ದಾಖಲಿಸುವುದು, ಅರ್ಜಿದಾರರನ್ನು ಬರುವ ಬುಧವಾರ ಖುದ್ದಾಗಿ ಕೇಳುವುದು, ಅಲ್ಲಿಯವರೆಗೆ ಎಡಗಡೆಯ ಯಾವ ಗೋಡೆಯನ್ನೂ ಮುಟ್ಟಕೂಡದು. ಸೀಲು ಇನ್ನು ಮೇಲೆ ಬೆಳಿಗ್ಗೆ ಮಾತ್ರ ತಿರುಗಬೇಕು. ನನಗೂ ಹೆಡ್ ಕ್ಲರ್ಕಿಗೂ ಕಾರಣ ಕೇಳಿ ನೋಟೀಸು. ಮೆಂಬರು ಕಾಲು ಕೆಳಗಿಳಿಸಿದರು.

ಹೊರಗೆ ಮೊಗಸಾಲೆಯಲ್ಲಿ ಮಾವ ನನಗಾಗಿ ನಿಂತಿದ್ದ. ಅತ್ತೆ ಅವನ ಪಕ್ಕಕ್ಕೇ ಇದ್ದಳು. ನಾನು ಕಾಲು ಮುಟ್ಟಲು ಬಗ್ಗಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಅವತ್ತು ಕರೀಲಿಲ್ಲ, ಹೋಗ್ಲಿ. ಭಯ ಇತ್ತೇನೋ. ನಮ್ಮನೇಲಿ ಬಂದು ಕೂತಿದ್ದೆಯಲ್ಲ? ನಾನು ಗೆಣ್ಣು ಎಣಿಸ್ತಿದ್ದೆನಲ್ಲ? ಆವಾಗ ಯಾಕೆ ಸುಮ್ಮನಿದ್ದೆ?"

ಅತ್ತೆ ಅಂದಳು: "ನಾನು ಇವರನ್ನ ಬೈದದ್ದೆಲ್ಲ ಕೇಳಿಸಿಕೊಂಡು, ನಾನು ಕೊಟ್ಟ ನೀರು ಕುಡಿದು ಹೋದೆ." ಸಿಟ್ಟಿಲ್ಲದೆ, ನಡೆದದ್ದನ್ನು ಹೇಳುವಂತೆ ಅಂದಳು. ಆಮೇಲೆ ಗಂಡನ ತೋಳು ಹಿಡಿದು, "ಮೆಟ್ಟಿಲು ನೋಡಿ ಇಳೀರಿ" ಎಂದು ಕರೆದುಕೊಂಡು ಹೋದಳು.

ಬುಧವಾರ ಸಮಿತಿ ಅವನನ್ನು ಒಂದು ಗಂಟೆ ಕೇಳಿತಂತೆ. ಓಣಿಯ ಬಲಗಡೆ ಖಾಲಿ ಬಿದ್ದ ಪುರಸಭೆಯದೇ ಜಾಗ ಇರುವುದನ್ನು ನಕ್ಷೆ ಬಿಡಿಸಿ ತೋರಿಸಿದನಂತೆ. ತೀರ್ಮಾನ ಇನ್ನೂ ಬಂದಿಲ್ಲ. ಹೇಳಿದ್ದನ್ನೆಲ್ಲ ಬರೆದು ಕೊಡಿ ಎಂದಿದ್ದರು. ಅದನ್ನು ಬರೆದು ತಂದ ಮಾವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಮೇಜಿನ ಮುಂದೆ ನಿಂತ. ಈ ಸಲ ಕನ್ನಡಕ ಹಾಕಿಕೊಂಡೇ ಬಂದಿದ್ದ.

"ಬನ್ನಿ ಮಾವ, ಕೂತ್ಕೊಳ್ಳಿ" ಎಂದೆ.

ಅವನು ಕೂರಲಿಲ್ಲ. ನಾನು ಸೀಲು ಒತ್ತಿ ಚೀಟಿ ಮುಂದೆ ಹಿಡಿದೆ. ಅವನು ಅದನ್ನು ಮುಖದ ಹತ್ತಿರ ತಂದು ಒಂದೊಂದೇ ಅಂಕಿ ಓದಿ, ಮತ್ತೆ ಮೇಜಿನ ಮೇಲಿಟ್ಟ.

"ಪಕ್ಕದಲ್ಲಿ ಗಂಟೇನೂ ಬರೆದುಕೊಡಿ ಮೇಡಂ" ಎಂದ.

ಬರೆದೆ. ಗಡಿಯಾರ ನೋಡಿ ನಿಮಿಷವನ್ನೂ ಬರೆದೆ. ಬರೆದು ಮುಗಿಯುವವರೆಗೆ ಅವನು ನನ್ನ ಕೈಯನ್ನೇ ನೋಡುತ್ತಿದ್ದ.